ವೈಮಾನಿಕೆ ಎಮಿ ಜಾನ್ಸನ್

ಸ್ವಂತ ವಿಮಾನವೊಂದನ್ನು ಇಟ್ಟುಕೊಂಡು ಹಾರಾಡುವುದು ಧನಿಕರ ವಿನೋದ, ಇಲ್ಲವೆ ಪ್ರಾಣಕ್ಕೆ ಬೆಲೆ ಕೊಡದ ಸಾಹಸಿಗಳ ಆಟ ಎಂದು ಭಾವಿಸುವವರು ನಮ್ಮ ವಾಚಕರಲ್ಲಿ ಅನೇಕರಿರಬಹುದು. ಇಂಗ್ಲೆಂಡಿನ ಎಮಿ ಜಾನ್ಸನ್ನಳ ಹೆಸರನ್ನು ಕೇಳಿದವರೂ ಆಕೆಯನ್ನು ಈ ಎರಡನೆಯ ಗುಂಪಿಗೆ ಸೇರಿಸಿಬಿಡುವುದೇ ಹೆಚ್ಚು. ಇಂಗ್ಲೆಂಡಿನಿಂದ ಆಸ್ಟ್ರೇಲಿಯಕ್ಕೆ ಒಂಟಿಯಾಗಿ ಹಾರಿಹೋದ ಮೊದಲನೆಯ ಸ್ತ್ರೀ ಎಂಬ ಒಂದು ವಾಕ್ಯದಲ್ಲಿ ಆಕೆಯ ಚರಿತ್ರೆಯನ್ನು ಮುಗಿಸುವುದು ವಾಡಿಕೆ. ಆಕಾಶವನ್ನೇರುವುದಕ್ಕೆ ಮೊದಲು ಆಕೆಯು ನೆಲದ ಮೇಲೆ ಎಣ್ಣೆಮಸಿಯ ಕೈಗಳಿಂದ ದುಡಿದ ತಿಂಗಳುಗಳೇ ನಮಗೆ ಹೆಚ್ಚು ಮುಖ್ಯವಾಗಿ ತೋರುತ್ತವೆ.

ಎಮಿಯು 1903ನೆಯ ಇಸವಿಯ ಜುಲೈ 1ರಂದು ಹಲ್ ಎಂಬ ರೇವುಪಟ್ಟಣದಲ್ಲಿ ಹುಟ್ಟಿದಳು. ತಂದೆಯು ಮೀನಿನ ವರ್ತಕ. ಷೆಫೀಲ್ಡ್ ವಿಶ್ವವಿದ್ಯಾನಿಲಯದಲ್ಲಿ ಅರ್ಥಶಾಸ್ತ್ರವನ್ನೋದಿ ಪದವೀಧರೆಯಾದ ಮೇಲೆ ಲಂಡನ್ನಿನ ಸೊಲಿಸಿಟರರೊಬ್ಬರ ಕಚೇರಿಯಲ್ಲಿ ಕಾರ್ಯದರ್ಶಿಯ ಕೆಲಸಕ್ಕೆ ಸೇರಿದಳು. 1928ರಲ್ಲಿ ಸ್ಟ್ಯಾಗ್ ಲೇನ್ ಮೈದಾನದ ಲಂಡನ್ ಏರೋಪ್ಲೇನ್ ಕ್ಲಬ್ಬಿನ ಸದಸ್ಯೆಯಾಗಿ ಹಾರಾಟದ ಪಾಠಕ್ಕೆ ಕೈಹಾಕಿದಳು. ಆಕೆಯು ಚುರುಕು ಶಿಷ್ಯೆಯೇನೂ ಆಗಿರಲಿಲ್ಲ. ಗುರುವಿನ ಜೊತೆಯಲ್ಲಿ ಸುಮಾರು ಹದಿನಾರು ಗಂಟೆಗಳಷ್ಟು ಕಾಲ ಹಾರಿದ ನಂತರವೇ ಒಬ್ಬಳೇ ಏರುವ ಅಪ್ಪಣೆ ದೊರೆಯಿತು. ವಿಮಾನವನ್ನು ನೆಲಕ್ಕೆ ಇಳಿಸುವ ವಿದ್ಯೆಯು ಆಕೆಗೆ ಕೊನೆಯವರೆಗೂ ಸುಲಭವಾಗಲಿಲ್ಲ. 1929ರ ಜುಲೈಯಲ್ಲಿ ಚಾಲಕರ ಲೈಸೆನ್ಸು ಕೈಸೇರಿತು.

ಅಷ್ಟಕ್ಕೇ ತೃಪ್ತಿಪಟ್ಟಿದ್ದರೆ ಇಂದು ಆಕೆಯ ವಿಷಯವನ್ನು ಬರೆಯುವ ಪ್ರಸಂಗವೇ ಒದಗುತ್ತಿರಲಿಲ್ಲ. ಕ್ಲಬ್ಬಿನ ಮುಖ್ಯ ಮೆಕ್ಯಾನಿಕ್ ಜಾಕ್ ಹಂಫ್ರೀಸ್ ಎಂಬುವರ ಬಳಿಗೆ ಹೋಗಿ, ಯಂತ್ರವನ್ನು ಬಿಚ್ಚಿ ಕೂಡಿಸುವುದನ್ನು ಕಲಿಸಬೇಕೆಂದು ಆಕೆಯು ಕೇಳಿಕೊಂಡಳು. ಮೊದಮೊದಲು ಕಚೇರಿಯ ಹೊತ್ತಿಗೆ ಮುಂಚೆಯೂ ಆಮೇಲೆಯೂ, ಕಡೆಗೆ ಕಚೇರಿಯನ್ನೇ ಬಿಟ್ಟು ಇಡೀ ದಿನವೂ, ವಿಮಾನದ ಕೊಟ್ಟಿಗೆಯಲ್ಲಿ ದುಡಿದಳು. ಅಲ್ಲಿಯ ಕೆಲಸಗಾರರು ಆಕೆಯನ್ನು ತಮ್ಮವಳೆಂದೆಣಿಸಿ ಜಾನಿ ಎಂದು ಗಂಡು ಹೆಸರಿನಿಂದ ಕರೆಯತೊಡಗಿದರು. 1929ರ ಡಿಸೆಂಬರಿನಲ್ಲಿ ವಾಯುಯಾನದ ಮಂತ್ರಾಲಯವು ಆಕೆಗೆ ನೆಲದ ಎಂಜಿನಿಯರಿನ ಸಿ ವರ್ಗದ ಲೈಸೆನ್ಸನ್ನು ಕೊಟ್ಟಿತು. ಎಂಜಿನ್ನನ್ನು ಪರೀಕ್ಷಿಸಿ, ಹಾರುವುದಕ್ಕೆ ಯೋಗ್ಯವೆಂದು ಸಹಿ ಹಾಕುವ ಅಧಿಕಾರವದು. ಬ್ರಿಟನ್ನಿನ ಸ್ತ್ರೀಯರಲ್ಲಿ ಅದನ್ನು ಪಡೆದವಳು ಆಕೆಯೇ ಮೊದಲು. ಚಾಲಕಿಯರು ಅದಕ್ಕೆ ಮುಂಚೆಯೂ ಇದ್ದರು. ಆದುದರಿಂದ ಆಕೆಗೆ ಸಂದ ಪ್ರಶಸ್ತಿಗಳೆಲ್ಲಕ್ಕಿಂತಲೂ ಈ ಕಾಗದದ ಚೂರನ್ನೇ ನಾವು ಮೇಲೆಂದು ಎಣಿಸುತ್ತೇವೆ.

ವಿಮಾನವನ್ನು ಕೊಂಡದ್ದು ಇದಾದ ಮೇಲೆ. ಡಿ ಹ್ಯಾವಿಲೆಂಡ್ ಕಂಪೆನಿಯ ಜಿಪ್ಸಿ ಮಾತ್ ಎಂಬ ಆ ವಿಮಾನವು ಹೊಸದಲ್ಲ, ಇನ್ನೊಬ್ಬರು ಬಳಸಿದ್ದು. ಬೆಲೆ 600 ಪೌಂಡುಗಳು, ಅಂದಿನ ವಿನಿಮಯದಲ್ಲಿ ಸುಮಾರು 8,000 ರೂಪಾಯಿಗಳು. ಅರ್ಧವನ್ನು ತಂದೆಯೂ ಉಳಿದರ್ಧವನ್ನು ಎಣ್ಣೆಯ ವ್ಯಾಪಾರಿಯಾದ ಲಾರ್ಡ್ ವೇಕ್‌ಫೀಲ್ಡರೂ ಕೊಟ್ಟರು. ತಂದೆಯ ಮೀನಿನ ವ್ಯಾಪಾರದ ಮುದ್ರೆಯ ಹೆಸರಾದ ಜೇಸನ್ ಎಂಬುದನ್ನೇ ಎಮಿಯು ವಿಮಾನಕ್ಕೂ ಇಟ್ಟಳು.

ಈ ಜಾತಿಯ ವಿಮಾನದ ರಚನೆಯನ್ನು ಸ್ವಲ್ಪ ತಿಳಿದುಕೊಂಡರೆ ಮುಂದಿನ ಕಥೆಯು ಸ್ಪಷ್ಟವಾದೀತು. ಮರದ ಚೌಕಟ್ಟಿನ ಎರಡು ಅಂತಸ್ತಿನ ರೆಕ್ಕೆಗಳು. ಅವುಗಳ ಮೇಲೆ ಬಟ್ಟೆಯ ಹೊದಿಕೆ. ಬಟ್ಟೆಯು ಬಿಗಿದು ನಿಲ್ಲುವಂತೆ ಡೋಪ್ ಎಂಬ ಮೆರುಗೆಣ್ಣೆಯ ಲೇಪ. ರೆಕ್ಕೆಗಳನ್ನು ಹಿಂದಕ್ಕೆ ಮಡಿಸಿದರೆ ಸಣ್ಣ ಕೊಟ್ಟಿಗೆಯಲ್ಲಿಯೂ ನಿಲ್ಲಿಸಬಹುದು. ನೂರು ಅಶ್ವಶಕ್ತಿಯ ಎಂಜಿನ್ನಿನ ನಾಲ್ಕು ಸಿಲಿಂಡರುಗಳಿಗೆ ತಲಾ ಎರಡರಂತೆ ಕಿಡಿ ಹಾರಿಸುವ ಪ್ಲಗ್ಗುಗಳು, ಅವಕ್ಕೆ ಪ್ರತ್ಯೇಕವಾಗಿ ಎರಡು ಮ್ಯಾಗ್ನೆಟೋಗಳು. ಒಂದು ಕೆಟ್ಟರೆ ಇನ್ನೊಂದು ನಡೆಯಿಸೀತು. ಆದರೆ ಪ್ಲಗ್ಗಿಗೆ ಮಸಿ ಹಿಡಿದರೆ, ಪೆಟ್ರೋಲಿನ ಜಾಲರಿಗೆ ಕಸ ಕಟ್ಟಿದರೆ, ಬಟ್ಟೆಯ ಹರುಕೊಂದು ಗಾಳಿಗೆ ಬೆಳೆದರೆ, ಚಾಲಕನ ಧೈರ್ಯದಿಂದ ಏನೂ ಪ್ರಯೋಜನವಿಲ್ಲ. ಇವುಗಳನ್ನು ನೋಡಿಕೊಳ್ಳಬೇಕಾದುದು ಏರುವುದಕ್ಕೆ ಮುಂಚೆ.

1930ರ ಮೇ 5ರಂದು ಕ್ರಾಯ್ಡನ್ನಿನಿಂದ ಹೊರಟಾಗ ಆಕೆಯು ಅದುವರೆಗೆ ಹೋಗಿದ್ದ ಅತಿ ದೂರದ ಊರೆಂದರೆ ತವರೂರಾದ ಹಲ್. ವಿಮಾನದಲ್ಲಿ ರೇಡಿಯೋ ಇಲ್ಲ, ತಲೆಯ ಮೇಲೆ ಸೂರಿಲ್ಲ. ಪಕ್ಕದಲ್ಲಿ ಹಗ್ಗದಿಂದ ಬಿಗಿದ ಒಂದು ಹೆಚ್ಚಿನ ಪಂಖವಿತ್ತು. ಇದನ್ನು ಕಂಡು ನಕ್ಕವರೂ ಇದ್ದಿರಬಹುದು. ವಿಯೆನ್ನ, ಕಾನ್‌ಸ್ಟಾಂಟಿನೋಪಲ್, ಅಲೆಪ್ಪೋ ದಾಟಿ ಬಾಗ್ದಾದಿನ ದಾರಿಯಲ್ಲಿ ಮರಳುಗಾಳಿಗೆ ಸಿಕ್ಕಿ ಮರುಭೂಮಿಯಲ್ಲಿ ಇಳಿಯಬೇಕಾಯಿತು. ಆಗ ಆಕೆಯು ಮಾಡಿದ ಕೆಲಸಗಳನ್ನು ನೋಡಬೇಕು: ಗಾಳಿಯು ವಿಮಾನವನ್ನು ತಳ್ಳದಂತೆ ಚಕ್ರಗಳಿಗೆ ಸಾಮಾನುಗಳ ಒತ್ತು ಕೊಟ್ಟು, ಮರಳು ಹೊಗದಂತೆ ಎಂಜಿನ್ನಿಗೆ ಕ್ಯಾನ್ವಾಸು ಮುಚ್ಚಿ, ಬಾಲದ ಮೇಲೆ ತಾನೇ ಕುಳಿತು, ಗಾಳಿಯು ತಗ್ಗುವವರೆಗೆ ಕಾದಳು. ಪ್ರತಿ ತಂಗುದಾಣದಲ್ಲಿಯೂ ಮೊದಲು ಎಂಜಿನ್ನಿನ ಆರೈಕೆ, ಆಮೇಲೆ ತನ್ನ ನಿದ್ರೆ. ಆರನೆಯ ದಿನ ಕರಾಚಿಯನ್ನು ಸೇರಿದಾಗ ಬರ್ಟ್ ಹಿಂಕ್ಲರನ ಕಾಲಕ್ಕಿಂತ ಎರಡು ದಿನ ಮುಂದಿದ್ದಳು. ಅಷ್ಟುಹೊತ್ತಿಗೆ ಜಗತ್ತಿನ ಪತ್ರಿಕೆಗಳೆಲ್ಲವೂ ಆಕೆಯ ಹೆಸರನ್ನು ಕೂಗತೊಡಗಿದ್ದವು.

ಅಲಹಾಬಾದಿಗೆಂದು ಹೊರಟವಳು ಪೆಟ್ರೋಲ್ ಸಾಲದೆ ಝಾನ್ಸಿಯ ದಂಡಿನ ಕವಾಯತು ಮೈದಾನದಲ್ಲಿ ಇಳಿದಳು. ರೆಕ್ಕೆಗೆ ಪೆಟ್ಟಾಯಿತು, ಸ್ಥಳದ ಬಡಗಿಯೊಬ್ಬನು ಅದನ್ನು ಸರಿಮಾಡಿಕೊಟ್ಟನು. ಕಲ್ಕತ್ತೆಯನ್ನು ದಾಟಿ ಮೇ 13ರಂದು ರಂಗೂನಿಗೆ ಬಂದಾಗ ಹಿರಿದಾದ ಅಪಘಾತವೇ ಸಂಭವಿಸಿತು. ಮಳೆಯಲ್ಲಿ ಕುದುರೆ ಪಂದ್ಯದ ಮೈದಾನವು ಕಾಣದೆ, ಸಮೀಪದ ಇನ್ಸೇನಿನಲ್ಲಿ ಸರಕಾರಿ ತಾಂತ್ರಿಕ ಶಾಲೆಯ ಆಟದ ಬಯಲಿನಲ್ಲಿ ಇಳಿದು, ವಿಮಾನವು ಹಳ್ಳಕ್ಕೆ ಮೂತಿಯಿಕ್ಕಿತು. ರೆಕ್ಕೆ ಮುರಿಯಿತು, ಚಕ್ರಗಳ ಕಾಲುಗಳು ಬಾಗಿದವು, ಪಂಖವು ಸೀಳಿತು. ಹಗ್ಗದಿಂದ ಬಿಗಿದು ತಂದಿದ್ದ ಹೆಚ್ಚಿನ ಪಂಖವು ಈಗ ಉಪಯೋಗಕ್ಕೆ ಬಂದಿತು. ಶಾಲೆಯ ಉಪಾಧ್ಯಾಯರೂ ವಿದ್ಯಾರ್ಥಿಗಳೂ ಮರ ಕಬ್ಬಿಣಗಳ ಕೆಲಸಕ್ಕೆ ನಿಂತರು. ಮೊದಲನೆಯ ಮಹಾಯುದ್ಧದಲ್ಲಿ ಮಿಕ್ಕಿದ್ದ ವಿಮಾನದ ಬಟ್ಟೆಯಿಂದ ಹೊಲಿಸಿದ್ದ ಅಂಗಿಗಳನ್ನು ಬಿಚ್ಚಿ ರೆಕ್ಕೆಗೆ ಹೊದಿಸಿದರು. ಲೇಪದ ಮೆರುಗೆಣ್ಣೆಯನ್ನು ರಂಗೂನಿನ ಔಷಧದ ವ್ಯಾಪಾರಿಯೊಬ್ಬನು ಬೆರಸಿಕೊಟ್ಟನು. ಮೂರು ದಿನಗಳಲ್ಲಿ ವಿಮಾನವು ಪುನಃ ಹಾರಿತು. ಆಗ ಬರ್ಮಾ ದೇಶವು ಇಂಡಿಯಾ ಸರಕಾರದ ಆಡಳಿತಕ್ಕೇ ಸೇರಿದ್ದಿತು. ಝಾನ್ಸಿಯ ಬಡಗಿಯ ಹೆಸರೂ ಇನ್ಸೇನಿನ ಹುಡುಗರ ಹೆಸರುಗಳೂ ಬಿರುದಾವಳಿಯಲ್ಲಿ ಸೇರಲಿಲ್ಲವೆಂಬುದನ್ನು ಇಲ್ಲಿ ಹೇಳಿಯೇ ಮುಂದೆ ಹೋಗುತ್ತೇವೆ.

ಆಕೆಯು ಕರಾಚಿಯನ್ನು ಹಾದುಹೋದ ಆ ಮೇ ತಿಂಗಳಿನಲ್ಲಿಯೇ ನಮ್ಮ ತರುಣರಿಬ್ಬರೂ ಇಂಥ ಮಾತ್ ವಿಮಾನಗಳಲ್ಲಿ ಇಂಗ್ಲೆಂಡಿಗೂ ಕರಾಚಿಗೂ ನಡುವೆ ಆಗಾ ಖಾನರ ಬಹುಮಾನಕ್ಕಾಗಿ ಹಾರುತ್ತಿದ್ದರು. ಹದಿನೇಳು ವಯಸ್ಸಿನ ಆಸ್ಪಿ ಎಂಜಿನಿಯರ್ ಈಜಿಪ್ಟಿನ ಅಬೂಕಿರಿನಲ್ಲಿ ಒಳ್ಳೆಯ ಪ್ಲಗ್ಗುಗಳಿಲ್ಲದೆ ನಿಂತಿದ್ದಾಗ, ಎದುರು ದಿಕ್ಕಿನಿಂದ ಬಂದ ಸ್ಪರ್ಧಿ ಜೆ. ಆರ್. ಡಿ. ಟಾಟಾ ತನ್ನಲ್ಲಿದ್ದ ಹೆಚ್ಚಿನ ಪ್ಲಗ್ಗುಗಳನ್ನು ಕೊಟ್ಟರು. ಬಹುಮಾನವನ್ನು ಗೆದ್ದವರು ಆಸ್ಪಿ. ಅವರೇ ಮುಂದೆ 1960ರಲ್ಲಿ ಸ್ವತಂತ್ರ ಭಾರತದ ವಾಯುಸೇನೆಯ ಮುಖ್ಯಾಧಿಪತಿಗಳಾದರು.

ಎಮಿಯ ಜೇಸನ್ ಬ್ಯಾಂಕಾಕ್, ಸಿಂಗಪುರಗಳನ್ನು ದಾಟಿ ಜಾವಾ ದ್ವೀಪದಲ್ಲಿ ಸಕ್ಕರೆಯ ತೋಟವೊಂದರಲ್ಲಿ ಇಳಿದಾಗ ಬಿದಿರಿನ ಗೂಟಗಳು ರೆಕ್ಕೆಯ ಬಟ್ಟೆಯನ್ನು ತೂತುಮಾಡಿದವು. ಗಾಯಕ್ಕೆ ಅಂಟಿಸುವ ಪಟ್ಟಿಗಳನ್ನೇ ಅಂಟಿಸಿ ಮುಂದುವರಿದಳು. ತಿಮೋರಿನ ಕಡಲನ್ನು ದಾಟಿ ಮೇ 24ರಂದು ಡಾರ್ವಿನ್ ನಗರದಲ್ಲಿ ಇಳಿದಳು. ಪ್ರಯಾಣಕ್ಕೆ ಹಿಡಿದದ್ದು ಹತ್ತೊಂಬತ್ತೂವರೆ ದಿನಗಳು. ಹಿಂಕ್ಲರನ ಹದಿನೈದೂವರೆ ದಿನಗಳ ದಾಖಲೆಯು ಉಳಿದುಕೊಂಡಿತು. ಇನ್ಸೇನಿನಲ್ಲಿ ಕಳೆದ ದಿನಗಳಿಗೆ ಅದರಲ್ಲಿ ಪಾಲುಂಟು. ಅದಾಗಿ ಐದು ದಿನಗಳಲ್ಲಿಯೇ ಬ್ರಿಸ್ಬೇನಿನಲ್ಲಿ ಸಹಸ್ರಾರು ಜನರ ಮುಂದೆ ಇಳಿಯುವಾಗ ಮೈದಾನದ ಎಲ್ಲೆಯನ್ನು ಮೀರಿ ಜೇಸನ್ ತಲೆಕೆಳಗಾಯಿತು. ಆಕೆಯ ಹಾನಿಗಳನ್ನು ಲೆಕ್ಕ ಹಾಕಿ ನೋಡಿದರೆ, ಹೆಚ್ಚಿನವು ಇಳಿಯುವಲ್ಲಿಯೂ ದಾರಿ ತಪ್ಪಿದಲ್ಲಿಯೂ ಆದವು. ಹಳೆಯ ಎಂಜಿನ್ ಮಾತ್ರ ಅರ್ಧ ಭೂಮಂಡಲದ ದಾರಿಯಲ್ಲಿ ಕೈಕೊಡಲಿಲ್ಲ. ಕೊಟ್ಟಿಗೆಯಲ್ಲಿ ಕಳೆದ ಆ ಚಳಿಗಾಲವೇ ಇದಕ್ಕೆ ಕಾರಣವೆಂದು ನಮ್ಮ ಅಭಿಪ್ರಾಯ.

1931ರಲ್ಲಿ ಗುರು ಹಂಫ್ರೀಸರನ್ನೇ ಕೂಡಿಸಿಕೊಂಡು ಮಾಸ್ಕೋ ಮಾರ್ಗವಾಗಿ ಟೋಕಿಯೋಗೆ ಹಾರಿದಳು. 1932ರಲ್ಲಿ ವೈಮಾನಿಕನಾದ ಜಿಮ್ ಮಾಲಿಸನ್ನನನ್ನು ವಿವಾಹವಾದಳು. 1938ರಲ್ಲಿ ಆ ಸಂಬಂಧವು ಮುರಿಯಿತು. 1934ರ ಅಕ್ಟೋಬರಿನಲ್ಲಿ ಈ ದಂಪತಿಗಳು ಆಸ್ಟ್ರೇಲಿಯದ ಪಂದ್ಯದಲ್ಲಿ ತಮ್ಮ ಕಾಮೆಟ್ ವಿಮಾನವನ್ನು ಹಾರಿಸಿ ಕರಾಚಿಯವರೆಗೆ ದಾಖಲೆಯ ವೇಗದಿಂದ ಬಂದು, ಅನಂತರ ದಾರಿ ತಪ್ಪಿ ಜಬ್ಬಲಪುರದಲ್ಲಿ ಇಳಿದರು. ಅವರ ಎಂಜಿನ್ನುಗಳಿಗೆ ತಕ್ಕ ಪೆಟ್ರೋಲ್ ಅಲ್ಲಿ ಸಿಗಲಿಲ್ಲ. ಬಸ್ಸಿನ ಕಂಪೆನಿಯೊಂದರ ಪೆಟ್ರೋಲನ್ನೇ ತುಂಬಿಕೊಂಡು ಅಲಹಾಬಾದಿಗೆ ಹಾರಿದರು. ಅಲ್ಲಿಗೆ ಎಂಜಿನ್ ಕೆಟ್ಟು ಪಂದ್ಯವೂ ಮುಗಿಯಿತು. ಸಿ ವರ್ಗದ ಲೈಸೆನ್ಸು ಪಡೆದವಳಿಗೆ ಕೀಳು ಪೆಟ್ರೋಲಿನ ಪರಿಣಾಮವು ತಿಳಿಯದ ವಿಷಯವಾಗಿರಲಾರದು. ಆದರೆ ಪಂದ್ಯದ ಗಡಿಯಾರದ ಮುಂದೆ ಕಾಯುವುದು ಮರುಭೂಮಿಯಲ್ಲಿ ಕಾದಷ್ಟು ಸುಲಭವಲ್ಲ.

ಎರಡನೆಯ ಮಹಾಯುದ್ಧವು ಬಂದ ಮೇಲೆ, 1940ರಲ್ಲಿ, ಕಾರ್ಖಾನೆಗಳ ವಿಮಾನಗಳನ್ನು ಸೇನೆಯ ನಿಲ್ದಾಣಗಳಿಗೆ ಮುಟ್ಟಿಸುವ ಸಹಾಯಕ ದಳಕ್ಕೆ ಸೇರಿದಳು. 1941ರ ಜನವರಿ 5ರಂದು ಬ್ಲ್ಯಾಕ್‌ಪೂಲಿನಿಂದ ಆಕ್ಸ್‌ಫರ್ಡ್ ಜಾತಿಯ ವಿಮಾನವೊಂದನ್ನು ಕಿಡ್ಲಿಂಗ್ಟನ್ನಿಗೆ ಒಯ್ಯುತ್ತಿದ್ದಾಗ, ಕೆಟ್ಟ ಹವೆಯಲ್ಲಿ ದಾರಿ ತಪ್ಪಿ ಥೇಮ್ಸ್ ನದಿಯ ಅಳಿವೆಯ ಮೇಲೆ ಬಂದು, ಪ್ಯಾರಚೂಟಿನಿಂದ ನೀರಿಗೆ ಇಳಿದಳು. ಹ್ಯಾಸಲ್‌ಮಿಯರ್ ಎಂಬ ನೌಕೆಯ ಅಧಿಕಾರಿ ವಾಲ್ಟರ್ ಫ್ಲೆಚರ್ ರಕ್ಷಿಸಲು ಧುಮುಕಿ, ಚಳಿಗೆ ತಾನೂ ಪ್ರಾಣ ಬಿಟ್ಟನು. ಎಮಿಗೆ ಆಗ ಮೂವತ್ತೇಳು ವರ್ಷ. ದೇಹವು ಸಿಗಲಿಲ್ಲ. ಝಾನ್ಸಿಯ ಬಡಗಿಯೂ ಇನ್ಸೇನಿನ ಹುಡುಗರೂ ಕೈಯಿಟ್ಟು ಸರಿಪಡಿಸಿದ ಜೇಸನ್ ಮಾತ್ರ ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ ಉಳಿದಿದೆ.