ಡಾ. ಝಾಕಿರ್ ಹುಸೈನ್: 1947ರ ಪರೀಕ್ಷೆ

ಭಾರತದ ಮೂರನೆಯ ರಾಷ್ಟ್ರಪತಿ ಯಾರೆಂದು ಕೇಳಿದರೆ ಶಾಲೆಗೆ ಹೋಗುವ ಮಕ್ಕಳು ಥಟ್ಟನೆ ಉತ್ತರ ಹೇಳುತ್ತಾರೆ. ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ಆ ಹೆಸರಿದೆ, ಅಚ್ಚುಕಟ್ಟಾಗಿ ಕತ್ತರಿಸಿದ ಬಿಳಿಯ ಗಡ್ಡದ ಚಿತ್ರವೂ ಇದೆ. ಆದರೆ ಆ ಚಿತ್ರದಲ್ಲಿರುವವರು ತಮ್ಮ ಜೀವನದ ಅತ್ಯಂತ ಕಠಿಣ ಪರೀಕ್ಷೆಯನ್ನು ಎದುರಿಸಿದಾಗ ಅವರಿಗೆ ಯಾವ ಅಧಿಕಾರವೂ ಇರಲಿಲ್ಲ. ಯಮುನಾ ನದಿಯ ಸಮೀಪ, ಓಖ್ಲಾದ ಬಯಲಿನಲ್ಲಿ, ಸದಾ ಹಣದ ಅಡಚಣೆಯಲ್ಲಿದ್ದ ಒಂದು ವಿದ್ಯಾಸಂಸ್ಥೆಯ ಮುಖ್ಯಸ್ಥರಾಗಿದ್ದರು, ಅಷ್ಟೆ. ಅದು 1947ನೇ ಇಸವಿ.

ಝಾಕಿರ್ ಹುಸೈನ್ ಜನಿಸಿದ್ದು 1897ರ ಫೆಬ್ರವರಿ 8ರಂದು ಹೈದರಾಬಾದಿನಲ್ಲಿ. ಮನೆತನದ ಮೂಲ ಉತ್ತರ ಪ್ರದೇಶದ ಕಾಯಮ್‌ಗಂಜ್. ವಕೀಲರಾಗಿದ್ದ ತಂದೆ ಫಿದಾ ಹುಸೈನ್ ಖಾನ್ 1907ರಲ್ಲಿ ತೀರಿಕೊಂಡರು. ನಾಲ್ಕು ವರ್ಷಗಳ ಬಳಿಕ, ಹುಡುಗ ಇಟಾವಾದ ಶಾಲೆಯಲ್ಲಿ ಕಲಿಯುತ್ತಿದ್ದಾಗ, ಪ್ಲೇಗ್ ತಾಯಿಯನ್ನೂ ಕರೆದೊಯ್ದಿತು. ಹದಿನಾಲ್ಕರ ಹರೆಯದಲ್ಲೇ ಅನಾಥನಾದ ಆ ಹುಡುಗ ಮುಂದೆ ಅಲೀಗಢದ ಕಾಲೇಜು ಸೇರಿದ. 1920ರಲ್ಲಿ ಅಸಹಕಾರ ಚಳುವಳಿಯ ಕರೆ ಬಂದಾಗ ಸರಕಾರದ ನೆರವಿನ ಆ ಕಾಲೇಜನ್ನು ತೊರೆದ ಯುವಕರಲ್ಲಿ ಅವರೂ ಒಬ್ಬರು. ಹಾಗೆ ಹೊರಬಂದವರಿಂದಲೇ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ ಆರಂಭವಾಯಿತು. ಮೊದಲು ಅಲೀಗಢದಲ್ಲಿ, 1925ರಿಂದ ದೆಹಲಿಯ ಕರೋಲ್ ಬಾಗ್‌ನಲ್ಲಿ.

ಅರ್ಥಶಾಸ್ತ್ರದ ಉನ್ನತ ವ್ಯಾಸಂಗಕ್ಕೆ ಅವರು ಬರ್ಲಿನ್‌ಗೆ ಹೋದರು. ಡಾಕ್ಟರೇಟ್ ಪಡೆದು 1926ರಲ್ಲಿ ಮರಳಿದಾಗ ಅವರೊಂದಿಗೆ ಆಬಿದ್ ಹುಸೈನ್ ಮತ್ತು ಮುಹಮ್ಮದ್ ಮುಜೀಬ್ ಎಂಬ ಇಬ್ಬರು ಗೆಳೆಯರೂ ಬಂದರು. ಮೂವರಿಗೂ ಬೇರೆಡೆ ಉತ್ತಮ ಸಂಬಳದ ಕೆಲಸ ಸಿಗುತ್ತಿತ್ತು. ಅವರು ಆರಿಸಿಕೊಂಡದ್ದು ಮುಚ್ಚಿಹೋಗುವ ಹಂತದಲ್ಲಿದ್ದ ಜಾಮಿಯಾವನ್ನು. ಇಪ್ಪತ್ತೊಂಬತ್ತು ವರ್ಷದ ಝಾಕಿರ್ ಸಾಹೇಬರು ಅದರ ಶೈಖುಲ್ ಜಾಮಿಯಾ, ಅಂದರೆ ಕುಲಪತಿಯಾದರು. ಎರಡು ವರ್ಷಗಳ ನಂತರ ಅಧ್ಯಾಪಕರ ಒಂದು ಸಣ್ಣ ಗುಂಪು ಪ್ರತಿಜ್ಞೆ ಮಾಡಿತು: ತಿಂಗಳಿಗೆ 150 ರೂಪಾಯಿಗಿಂತ ಹೆಚ್ಚು ಪಡೆಯದೆ 20 ವರ್ಷ ಇಲ್ಲೇ ದುಡಿಯುವುದು. ಎಷ್ಟೋ ತಿಂಗಳು ಅಷ್ಟೂ ಕೈಗೆ ಬರುತ್ತಿರಲಿಲ್ಲ.

ಅವರ ಶಿಸ್ತಿನ ಬಗ್ಗೆ ಹಲವು ಘಟನೆಗಳನ್ನು ಹೇಳುತ್ತಾರೆ. ವಿದ್ಯಾರ್ಥಿಗಳು ಕೊಳಕು ಬೂಟು ಹಾಕಿಕೊಂಡು ಬರುವುದನ್ನು ಎಷ್ಟು ಹೇಳಿದರೂ ಬಿಡದಿದ್ದಾಗ, ಅವರೇ ಬ್ರಶ್ ಮತ್ತು ಪಾಲಿಶ್ ಹಿಡಿದು ಗೇಟಿನ ಬಳಿ ಕುಳಿತರಂತೆ. ಮರುದಿನದಿಂದ ಯಾರಿಗೂ ಹೇಳುವ ಅಗತ್ಯ ಬೀಳಲಿಲ್ಲ. ಬೆತ್ತಕ್ಕೆ ಬೇಗ ಕೈ ಹಾಕುವ ನಮ್ಮಂಥ ಉಪಾಧ್ಯಾಯರು ಈ ಪ್ರಸಂಗವನ್ನು ಸುಮ್ಮನೆ ಓದಿ ಮುಂದೆ ಹೋಗುವಂತಿಲ್ಲ. ಇನ್ನೊಂದು ಘಟನೆ ಇದಕ್ಕಿಂತ ಭಾರವಾದದ್ದು. ಪ್ರಾಥಮಿಕ ಶಾಲೆಯ ಮಕ್ಕಳಿಗೆ ಅವರು ಮಿಠಾಯಿ ಹಂಚುತ್ತಿದ್ದಾಗ ಮನೆಯಿಂದ ಬಂದ ಒಬ್ಬರು ಕಿವಿಯಲ್ಲಿ ಏನೋ ಹೇಳಿದರು. ಪುಟ್ಟ ಮಗಳು ರೆಹಾನಾ ತೀರಿಕೊಂಡಿದ್ದಳು. ಅವರ ಮುಖ ಬಿಳಿಚಿಕೊಂಡಿತು, ಕೈ ಮಾತ್ರ ನಿಲ್ಲಲಿಲ್ಲ. ಕೊನೆಯ ಮಗುವಿಗೆ ಮಿಠಾಯಿ ಕೊಟ್ಟ ನಂತರವೇ ಮನೆಗೆ ಹೋದರು. ಮಕ್ಕಳೆಲ್ಲ ಅಷ್ಟು ಸಂತೋಷದಲ್ಲಿದ್ದಾಗ ಅದನ್ನು ಕೆಡಿಸಲು ಮನಸ್ಸಾಗಲಿಲ್ಲ ಎಂಬುದೇ ಅವರು ಕೊಟ್ಟ ಕಾರಣ. ಅವರು ಬರೆದ ಮಕ್ಕಳ ಕಥೆಗಳು ರುಕಯ್ಯಾ ರೆಹಾನಾ ಎಂಬ ಹೆಸರಿನಲ್ಲಿ ಪ್ರಕಟವಾದವು. ಅಬ್ಬೂ ಖಾನನ ಮೇಕೆಯ ಕಥೆ ಉರ್ದು ಕಲಿತ ಮನೆಗಳಲ್ಲಿ ಇಂದಿಗೂ ಪರಿಚಿತ.

ಜಾಮಿಯಾ 25 ವರ್ಷ ಪೂರೈಸಿದ ಬೆಳ್ಳಿ ಹಬ್ಬ 1946ರ ನವೆಂಬರ್‌ನಲ್ಲಿ ನಡೆಯಿತು. ಅದೆಂಥ ಕಾಲ! ಕಲ್ಕತ್ತಾದಲ್ಲಿ, ನೌಖಾಲಿಯಲ್ಲಿ, ಬಿಹಾರದಲ್ಲಿ ರಕ್ತ ಹರಿದಿತ್ತು. ಕಾಂಗ್ರೆಸ್ ಮತ್ತು ಲೀಗ್ ನಾಯಕರು ಒಂದೇ ಸರಕಾರದಲ್ಲಿದ್ದರೂ ಮನಸ್ಸುಗಳು ಬೇರೆಯಾಗಿದ್ದವು. ಅದೇ ವರ್ಷ ಮಧ್ಯಂತರ ಸರಕಾರದಲ್ಲಿ ಝಾಕಿರ್ ಸಾಹೇಬರನ್ನು ಸೇರಿಸುವ ಮಾತು ಬಂದಾಗ ಜಿನ್ನಾ ಅದನ್ನು ಒಪ್ಪಿರಲಿಲ್ಲ. ಆದರೂ ಬೆಳ್ಳಿ ಹಬ್ಬದ ಆಮಂತ್ರಣ ಜಿನ್ನಾರಿಗೂ ಹೋಯಿತು. ಅವರು ಬಂದರು ಕೂಡ. ಒಂದೇ ವೇದಿಕೆಯಲ್ಲಿ ನೆಹರೂ ಮತ್ತು ರಾಜಾಜಿ, ಜಿನ್ನಾ ಮತ್ತು ಲಿಯಾಕತ್ ಅಲಿ ಖಾನ್ ಕುಳಿತಿದ್ದರು. ಅತಿಥಿಗಳನ್ನು ಹೊಗಳಿ ಮುಗಿಸುವ ಬದಲು ಶೈಖುಲ್ ಜಾಮಿಯಾ ಅವರೆಲ್ಲರ ಮುಂದೆ ಒಂದು ಬೇಡಿಕೆ ಇಟ್ಟರು. ದೇಶದಲ್ಲಿ ಹೊತ್ತಿರುವ ದ್ವೇಷದ ಬೆಂಕಿಯನ್ನು ಯಾರು ಹಚ್ಚಿದರೆಂದು ವಾದಿಸುವ ಹೊತ್ತು ಇದಲ್ಲ, ಮೊದಲು ಅದನ್ನು ಆರಿಸಿರಿ ಎಂಬುದು ಆ ಬೇಡಿಕೆಯ ತಿರುಳು. ಸಭೆ ಕೇಳಿತು. ಬೆಂಕಿ ಆರಲಿಲ್ಲ.

ಒಂಬತ್ತು ತಿಂಗಳಲ್ಲಿ ದೇಶ ಎರಡಾಯಿತು. ಆ ಆಗಸ್ಟ್ ತಿಂಗಳಲ್ಲಿ ಝಾಕಿರ್ ಸಾಹೇಬರ ಆರೋಗ್ಯ ಸರಿಯಿರಲಿಲ್ಲ, ವಿಶ್ರಾಂತಿಗೆಂದು ಕಾಶ್ಮೀರಕ್ಕೆ ಹೊರಟರು. ರೈಲು ಪಂಜಾಬಿನ ಮೂಲಕ ಹೋಗಬೇಕಿತ್ತು. ಪಂಜಾಬ್ ಆಗ ಹೇಗಿತ್ತೆಂಬುದನ್ನು ಇಲ್ಲಿ ವಿವರಿಸಬೇಕಾಗಿಲ್ಲ. ಗಡಿಯ ಎರಡೂ ಕಡೆ ಹೆಣ ತುಂಬಿದ ರೈಲುಗಳು ಓಡಾಡುತ್ತಿದ್ದ ದಿನಗಳವು. ಜಲಂಧರ್ ನಿಲ್ದಾಣದಲ್ಲಿ ಅವರು ಕೊಲ್ಲಲು ನಿಂತಿದ್ದ ಗುಂಪಿನ ಕೈಗೆ ಸಿಕ್ಕಿಬಿದ್ದರು. ಸಾವು ಕಣ್ಣೆದುರಿಗಿತ್ತು. ಆಗ ನಡುವೆ ಬಂದು ಅವರನ್ನು ಪಾರುಮಾಡಿದವರು ಇಬ್ಬರು: ಒಬ್ಬರು ಸಿಖ್ ಸೇನಾಧಿಕಾರಿ, ಇನ್ನೊಬ್ಬರು ಹಿಂದೂ ರೈಲ್ವೆ ನೌಕರ. ಕಾಶ್ಮೀರದ ಪ್ರಯಾಣ ಅಲ್ಲಿಗೇ ಮುಗಿಯಿತು, ಅವರು ದೆಹಲಿಗೆ ಮರಳಿದರು.

ದೆಹಲಿಯಲ್ಲಾದರೂ ನೆಮ್ಮದಿ ಇತ್ತೇ? ಸೆಪ್ಟೆಂಬರ್ ಮೊದಲ ವಾರದಲ್ಲಿ ನಗರ ಹೊತ್ತಿ ಉರಿಯಿತು. ಕರೋಲ್ ಬಾಗ್‌ನ ಮುಸ್ಲಿಮರು ಉಟ್ಟ ಬಟ್ಟೆಯಲ್ಲಿ ಮನೆ ಬಿಟ್ಟರು. ಅಲ್ಲಿದ್ದ ಮಕ್ತಬಾ ಜಾಮಿಯಾ, ಅಂದರೆ ಸಂಸ್ಥೆಯ ಪ್ರಕಾಶನಾಲಯ, ಲೂಟಿಯಾಗಿ ಸುಟ್ಟುಹೋಯಿತು. ಬೂದಿಯಾದ ಪುಸ್ತಕಗಳ ಸಂಖ್ಯೆ 7 ಲಕ್ಷ ಎಂದು ಜಾಮಿಯಾದ ಇತಿಹಾಸ ಹೇಳುತ್ತದೆ. ಸಂಬಳವಿಲ್ಲದ ತಿಂಗಳುಗಳಲ್ಲೂ ಅಚ್ಚು ನಿಲ್ಲಿಸದೆ ಸೇರಿಸಿದ್ದ ಭಂಡಾರವದು.

ಓಖ್ಲಾದ ಜಾಮಿಯಾ ಮಾತ್ರ ಉಳಿಯಿತು. ಸುತ್ತಲಿನ ಹಳ್ಳಿಗಳಿಂದ ಓಡಿಬಂದ ಮುಸ್ಲಿಮ್ ಕುಟುಂಬಗಳು ಅದರ ಅಂಗಳದಲ್ಲಿ ಆಶ್ರಯ ಪಡೆದವು. ಅಧ್ಯಾಪಕರು ರಾತ್ರಿ ಸರದಿಯ ಮೇಲೆ ಎಚ್ಚರವಿದ್ದು ಕಾವಲು ಕಾದರು. ಬಳಿಕ ಸೇನೆಯ ಪಹರೆ ಬಂತು. ಕಲ್ಕತ್ತಾದಿಂದ ಸೆಪ್ಟೆಂಬರ್ 9ರಂದು ದೆಹಲಿಗೆ ಬಂದ ಗಾಂಧೀಜಿ ಮರುದಿನವೇ ನಿರಾಶ್ರಿತರ ಶಿಬಿರಗಳನ್ನು ನೋಡಲು ಹೊರಟು, ಓಖ್ಲಾಕ್ಕೂ ಬಂದು ಅಲ್ಲಿದ್ದವರ ನಡುವೆ ಕುಳಿತರು. ಜಾಮಿಯಾದ ಕಷ್ಟದ ದಿನಗಳಲ್ಲಿ, ಭಿಕ್ಷೆ ಬೇಡಿಯಾದರೂ ಅದನ್ನು ಉಳಿಸಬೇಕೆಂದು ಪಟ್ಟು ಹಿಡಿದವರಲ್ಲಿ ಅವರೂ ಒಬ್ಬರು.

ನಮ್ಮನ್ನು ಇಲ್ಲಿ ಯೋಚನೆಗೆ ಹಚ್ಚುವುದು ಝಾಕಿರ್ ಸಾಹೇಬರ ನಿರ್ಧಾರ. ಹೊರಟು ಹೋಗಲು ಅವರಿಗೆ ಕಾರಣಗಳಿಗೆ ಕೊರತೆ ಇರಲಿಲ್ಲ. ಜಲಂಧರ್‌ನಲ್ಲಿ ಜೀವ ಹೋಗುವುದರಲ್ಲಿತ್ತು. ಬಾಳಿನ ದುಡಿಮೆಯ ಒಂದು ಭಾಗ ಬೂದಿಯಾಗಿತ್ತು. ಸ್ವಂತ ತಮ್ಮ ಮಹಮೂದ್ ಹುಸೈನ್ ಪಾಕಿಸ್ತಾನವನ್ನು ಆರಿಸಿಕೊಂಡಿದ್ದರು. ಅವರು ಮುಂದೆ ಅಲ್ಲಿ ಮಂತ್ರಿಯಾದರು, ಢಾಕಾ ಮತ್ತು ಕರಾಚಿ ವಿಶ್ವವಿದ್ಯಾಲಯಗಳ ಕುಲಪತಿಯಾದರು, ಕರಾಚಿಯ ಮಲೀರ್‌ನಲ್ಲಿ ಜಾಮಿಯಾದ ಹೆಸರಿನದೇ ಒಂದು ಸಂಸ್ಥೆಯನ್ನೂ ಕಟ್ಟಿದರು. ಇನ್ನೊಬ್ಬ ತಮ್ಮ ಯೂಸುಫ್ ಹುಸೈನ್ ಭಾರತದಲ್ಲೇ ಉಳಿದರು. ಒಂದೇ ತಾಯಿಯ ಮಕ್ಕಳು, ಎರಡು ದೇಶ. ಹೋದವರನ್ನು ದೂಷಿಸುವುದು ಈ ಲೇಖನದ ಉದ್ದೇಶವಲ್ಲ. ಆ ದಿನಗಳಲ್ಲಿ ಒಂದೊಂದು ಮನೆಯೂ ಎಂಥ ಸಂಕಟದಲ್ಲಿ ತೀರ್ಮಾನ ಮಾಡಿತೆಂದು ಅಂಥ ಮನೆಯವರಿಗೇ ಗೊತ್ತು. ಆದರೆ ಜಾಮಿಯಾದ ಮಕ್ಕಳು ಝಾಕಿರ್ ಸಾಹೇಬರ ಪಾಲಿಗೆ ಅಮಾನತ್ತಾಗಿದ್ದರು, ಪ್ರತಿಜ್ಞೆಯ ಅವಧಿಯೂ ಮುಗಿದಿರಲಿಲ್ಲ. ಅವರು ಉಳಿದರು.

ಉಳಿದು ಏನು ಮಾಡಿದರು? ಹಳೆಯ ಕೋಟೆ ಮತ್ತು ಹುಮಾಯೂನ್ ಗೋರಿಯ ಆವರಣದಲ್ಲಿ ಸಾವಿರಾರು ಮುಸ್ಲಿಮರು ಬಯಲಿನಲ್ಲಿ ಬಿದ್ದುಕೊಂಡಿದ್ದರು. ನೀರಿಲ್ಲ, ನೆರಳಿಲ್ಲ, ಮಳೆ ಬೇರೆ. ಅತ್ತ ಪಂಜಾಬಿನಿಂದ ಎಲ್ಲವನ್ನೂ ಕಳಕೊಂಡು ಬಂದ ಹಿಂದೂ ಮತ್ತು ಸಿಖ್ ಕುಟುಂಬಗಳು ನಗರದ ಬೀದಿಗಳಲ್ಲಿದ್ದವು. ಜಾಮಿಯಾದ ಜನ ಶಿಬಿರಗಳ ಕೆಲಸಕ್ಕೆ ಇಳಿದರು. ಜೊತೆಜೊತೆಗೇ ಓಖ್ಲಾದಲ್ಲಿ ಪಾಠ ಮತ್ತೆ ಆರಂಭವಾಯಿತು. ಜಲಂಧರ್‌ನ ಆ ದಿನವನ್ನು ಹೇಳಿಕೊಂಡು ಅವರು ದ್ವೇಷದ ಸರಕು ಮಾಡಿಕೊಳ್ಳಲಿಲ್ಲ. ಹಾಗೆ ಮಾಡಿದ್ದರೆ ಯಾರೂ ಅವರನ್ನು ತಪ್ಪೆನ್ನುತ್ತಿರಲಿಲ್ಲ, ಬಹುಶಃ ಕೇಳಲು ಹೆಚ್ಚು ಜನರೂ ಸೇರುತ್ತಿದ್ದರು. ಸಹನೆ ಎಂಬುದನ್ನು ನಾವು ಸುಮ್ಮನೆ ಕುಳಿತಿರುವುದೆಂದು ತಿಳಿಯುತ್ತೇವೆ. ಅವರಲ್ಲಿ ಅದು ಬೆಳಿಗ್ಗೆ ಎದ್ದು ಶಾಲೆಯ ಬಾಗಿಲು ತೆರೆಯುವ ಕೆಲಸವಾಗಿತ್ತು.

1948ರಲ್ಲಿ ಆ ಇಪ್ಪತ್ತು ವರ್ಷಗಳ ಪ್ರತಿಜ್ಞೆ ಪೂರ್ತಿಯಾಯಿತು. ಅದೇ ವರ್ಷ ಶಿಕ್ಷಣ ಮಂತ್ರಿ ಮೌಲಾನಾ ಆಝಾದ್ ಅವರನ್ನು ಅಲೀಗಢ ಮುಸ್ಲಿಮ್ ವಿಶ್ವವಿದ್ಯಾಲಯದ ಕುಲಪತಿಯಾಗಲು ಕೇಳಿಕೊಂಡರು. ಅಲ್ಲಿನ ಅನೇಕ ಅಧ್ಯಾಪಕರು ಪಾಕಿಸ್ತಾನಕ್ಕೆ ಹೋಗಿದ್ದರು, ಉಳಿದವರನ್ನು ಊರೆಲ್ಲ ಸಂಶಯದಿಂದ ನೋಡುತ್ತಿತ್ತು. ಸರಕಾರ ನೇಮಿಸಿದವನಾಗಿ ಬರಲಾರೆ, ವಿಶ್ವವಿದ್ಯಾಲಯದ ಕೋರ್ಟ್ ತಾನಾಗಿ ಆರಿಸಿದರೆ ಬರುತ್ತೇನೆ ಎಂಬುದು ಅವರ ಷರತ್ತು. ಕೋರ್ಟ್ ಆರಿಸಿತು. 28 ವರ್ಷಗಳ ಹಿಂದೆ ಯಾವ ಆವರಣವನ್ನು ಬಿಟ್ಟು ಹೊರನಡೆದಿದ್ದರೋ ಅಲ್ಲಿಗೇ ನವೆಂಬರ್‌ನಲ್ಲಿ ಮರಳಿದರು. ಓಖ್ಲಾದಲ್ಲಿ ಶೈಖುಲ್ ಜಾಮಿಯಾ ಸ್ಥಾನವನ್ನು, ಬರ್ಲಿನ್‌ನಿಂದ ಜೊತೆಯಲ್ಲಿ ಬಂದಿದ್ದ ಮುಹಮ್ಮದ್ ಮುಜೀಬ್ ವಹಿಸಿಕೊಂಡರು.