ಶಾಖ ಸಾಗಿಸುವ ಯಂತ್ರವನ್ನು ಕಂಡ ವಿಜ್ಞಾನಿ: ಲಾರ್ಡ್ ಕೆಲ್ವಿನ್

ಬೇಸಿಗೆಯಲ್ಲಿ ಕೋಣೆಯನ್ನು ತಂಪಾಗಿಸಿ, ಚಳಿಗಾಲದಲ್ಲಿ ಅದೇ ಕೋಣೆಯನ್ನು ಬೆಚ್ಚಗಿರಿಸುವ ಸ್ಪ್ಲಿಟ್ ಏಸಿ ನಗರವಾಸಿಗಳಿಗೆ ಈಗ ಅಪರೂಪದ ವಸ್ತುವಲ್ಲ. ಅದನ್ನು ಛಾವಣಿಯ ಮೇಲಿನ ಸೌರಫಲಕಗಳ ವಿದ್ಯುತ್ತಿನಿಂದಲೇ ನಡೆಸಿಕೊಳ್ಳುವ ಮನೆಗಳೂ ಜಗತ್ತಿನ ಹಲವೆಡೆ ಇವೆ. ಇದೆಲ್ಲವೂ ಇತ್ತೀಚಿನ ಆವಿಷ್ಕಾರವೆಂದು ಭಾವಿಸುವವರೇ ಹೆಚ್ಚು. ಆದರೆ ಒಂದೇ ಬಗೆಯ ಯಂತ್ರದಿಂದ ಕಟ್ಟಡವನ್ನು ಬಿಸಿ ಮಾಡಬಹುದು, ತಂಪೂ ಮಾಡಬಹುದು, ಅದರಿಂದ ಇಂಧನವೂ ಉಳಿಯುತ್ತದೆ ಎಂಬುದನ್ನು 1852ರಲ್ಲಿಯೇ ಲೆಕ್ಕ ಸಮೇತ ಬರೆದಿಟ್ಟವರೊಬ್ಬರಿದ್ದರು. ಆಗ ಅವರಿಗೆ ವಯಸ್ಸು 28. ಗ್ಲಾಸ್ಗೋ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದ ಆ ವಿಲಿಯಂ ಥಾಮ್ಸನ್ ಅವರೇ ಮುಂದೆ ಲಾರ್ಡ್ ಕೆಲ್ವಿನ್ ಎಂದು ಲೋಕಪ್ರಸಿದ್ಧರಾದರು.

ಉಷ್ಣತೆಯನ್ನು ಅಳೆಯುವ ಕೆಲ್ವಿನ್ ಮಾನದ ಮೂಲಕ ಶಾಲಾ ಮಕ್ಕಳಿಗೂ ಪರಿಚಿತರಾದ ಈ ವಿಜ್ಞಾನಿಯ ಬದುಕಿನಲ್ಲಿ, ಮನೆಯ ಬಿಸಿ ಮತ್ತು ತಂಪಿಗೆ ಸಂಬಂಧಿಸಿದ ಈ ಪುಟ ಮಾತ್ರ ಬಹುಮಂದಿಗೆ ಅಪರಿಚಿತವಾಗಿಯೇ ಉಳಿದಿದೆ.

ಹತ್ತು ವರ್ಷಕ್ಕೇ ವಿಶ್ವವಿದ್ಯಾಲಯ

ವಿಲಿಯಂ ಥಾಮ್ಸನ್ ಜನಿಸಿದ್ದು 1824ರ ಜೂನ್ 26ರಂದು, ಐರ್ಲೆಂಡಿನ ಬೆಲ್‌ಫಾಸ್ಟ್ ನಗರದಲ್ಲಿ. ತಂದೆ ಜೇಮ್ಸ್ ಥಾಮ್ಸನ್ ಗಣಿತದ ಅಧ್ಯಾಪಕರು. ಆರು ವರ್ಷದವನಿದ್ದಾಗಲೇ ಬಾಲಕ ತಾಯಿಯನ್ನು ಕಳೆದುಕೊಂಡ. 1832ರಲ್ಲಿ ತಂದೆಗೆ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಗಣಿತ ಪ್ರಾಧ್ಯಾಪಕ ಹುದ್ದೆ ದೊರೆತಾಗ ಸಂಸಾರ ಸ್ಕಾಟ್ಲೆಂಡಿಗೆ ಬಂದು ನೆಲೆಸಿತು. ಮಕ್ಕಳಿಗೆ ತಂದೆಯೇ ಮೊದಲ ಗುರುವಾದರು. 1834ರಲ್ಲಿ, ಕೇವಲ ಹತ್ತನೆಯ ವಯಸ್ಸಿನಲ್ಲಿ, ವಿಲಿಯಂ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿ ಹೆಸರು ನೋಂದಾಯಿಸಿದ.

ಹದಿಹರೆಯದಲ್ಲಿ ಅವನ ಕೈಗೆ ಸಿಕ್ಕಿದ್ದು ಫ್ರೆಂಚ್ ಗಣಿತಜ್ಞ ಫೋರಿಯೇ ಅವರ ಗ್ರಂಥ. ಶಾಖವು ವಸ್ತುವಿನೊಳಗೆ ಹೇಗೆ ಹರಿಯುತ್ತದೆ ಎಂಬುದನ್ನು ಗಣಿತದ ಭಾಷೆಯಲ್ಲಿ ವಿವರಿಸಿದ ಕೃತಿ ಅದು. ಆ ಓದು ಆತನ ಬದುಕಿನ ದಿಕ್ಕನ್ನೇ ನಿರ್ಧರಿಸಿತು. 1841ರಲ್ಲಿ ಕೇಂಬ್ರಿಜ್ ಸೇರಿದ ಥಾಮ್ಸನ್, 1845ರಲ್ಲಿ ಗಣಿತ ಪರೀಕ್ಷೆಯಲ್ಲಿ ಎರಡನೆಯ ಸ್ಥಾನ ಪಡೆದು ಹೊರಬಂದರು. ಅನಂತರ ಪ್ಯಾರಿಸ್ಸಿಗೆ ತೆರಳಿ, ಹಬೆ ಹಾಗೂ ಅನಿಲಗಳ ಗುಣಗಳನ್ನು ನಿಖರವಾಗಿ ಅಳೆಯುವುದರಲ್ಲಿ ಹೆಸರಾಗಿದ್ದ ರೆನ್ಯೋ ಅವರ ಪ್ರಯೋಗಾಲಯದಲ್ಲಿ ಕೆಲಸ ಕಲಿತರು.

ಅಲ್ಲಿಯೇ ಅವರಿಗೆ ಸಾದಿ ಕಾರ್ನೋ ಎಂಬ ಫ್ರೆಂಚ್ ಎಂಜಿನಿಯರನ ವಿಚಾರಗಳ ಪರಿಚಯವಾಯಿತು. ಥಾಮ್ಸನ್ ಹುಟ್ಟಿದ ವರ್ಷವೇ ಪ್ರಕಟವಾಗಿದ್ದ ಕಾರ್ನೋನ ಪುಟ್ಟ ಪುಸ್ತಕವನ್ನು ಲೋಕ ಮರೆತೇಬಿಟ್ಟಿತ್ತು. ಪ್ಯಾರಿಸ್ಸಿನ ಪುಸ್ತಕದಂಗಡಿಗಳಲ್ಲಿ ಎಷ್ಟು ಹುಡುಕಿದರೂ ಥಾಮ್ಸನ್ನರಿಗೆ ಅದು ದೊರೆಯಲಿಲ್ಲ. ಪ್ರತಿಯೊಂದು ಕೈಸೇರಲು ಕೆಲವು ವರ್ಷಗಳೇ ಬೇಕಾದವು. ಬಿಸಿ ತಾಣದಿಂದ ತಣ್ಣನೆಯ ತಾಣಕ್ಕೆ ಶಾಖ ಇಳಿಯುವಾಗ ಅದರಿಂದ ಕೆಲಸವನ್ನು ಪಡೆಯಬಹುದು ಎಂಬುದು ಕಾರ್ನೋನ ಸಿದ್ಧಾಂತದ ತಿರುಳು. ಹಾಗಾದರೆ ಕೆಲಸವನ್ನು ವ್ಯಯಿಸಿ ಶಾಖವನ್ನು ತಣ್ಣನೆಯ ತಾಣದಿಂದ ಬಿಸಿ ತಾಣಕ್ಕೆ ಏರಿಸಲೂ ಸಾಧ್ಯವಿರಬೇಕಲ್ಲವೇ? ಮುಂದಿನ ಎಲ್ಲ ಬೆಳವಣಿಗೆಯ ಬೀಜ ಈ ಪ್ರಶ್ನೆಯಲ್ಲಿಯೇ ಇತ್ತು.

22ಕ್ಕೆ ಪ್ರಾಧ್ಯಾಪಕ

1846ರಲ್ಲಿ, ತಮ್ಮ 22ನೆಯ ವಯಸ್ಸಿನಲ್ಲಿ, ಥಾಮ್ಸನ್ ಗ್ಲಾಸ್ಗೋದಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕರಾದರು. ಅಂದಿನಿಂದ 1899ರವರೆಗೆ, 53 ವರ್ಷಗಳ ಕಾಲ, ಅದೇ ಪೀಠದಲ್ಲಿ ಮುಂದುವರಿದರು. ಹಳೆಯ ದ್ರಾಕ್ಷಾರಸದ ನೆಲಮಾಳಿಗೆಯೊಂದನ್ನು ವಿದ್ಯಾರ್ಥಿಗಳ ಪ್ರಯೋಗಾಲಯವನ್ನಾಗಿ ಮಾರ್ಪಡಿಸಿದ ಕೀರ್ತಿಯೂ ಅವರದೇ.

1847ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ನಡೆದ ವಿಜ್ಞಾನ ಸಮ್ಮೇಳನದಲ್ಲಿ ಜೇಮ್ಸ್ ಜೂಲ್ ಅವರ ಪ್ರಬಂಧವನ್ನು ಥಾಮ್ಸನ್ ಆಲಿಸಿದರು. ಕೆಲಸ ಮತ್ತು ಶಾಖ ಪರಸ್ಪರ ಮಾರ್ಪಡುವ ಒಂದೇ ಶಕ್ತಿಯ ಎರಡು ರೂಪಗಳು ಎಂಬುದು ಜೂಲ್ ಅವರ ವಾದ. ಕಾರ್ನೋನನ್ನು ಮೆಚ್ಚಿದ್ದ ಥಾಮ್ಸನ್ನರಿಗೆ ಮೊದಲು ಇದು ಒಗ್ಗಲಿಲ್ಲ. ಆದರೆ ಇಬ್ಬರ ಮಾತಿನಲ್ಲಿಯೂ ಸತ್ಯವಿದೆಯೆಂದು ಒಪ್ಪಿ, 1851ರ ಹೊತ್ತಿಗೆ ಎರಡನ್ನೂ ಹೊಂದಿಸಿ ಉಷ್ಣಗತಿವಿಜ್ಞಾನಕ್ಕೆ ಭದ್ರ ಬುನಾದಿ ಹಾಕಿದರು. ಈ ನಡುವೆ 1848ರಲ್ಲಿ ನಿರಪೇಕ್ಷ ಉಷ್ಣತಾಮಾನವನ್ನು ರೂಪಿಸಿದರು. ಇದರ ಸೊನ್ನೆ ಇಂದಿನ ಲೆಕ್ಕದಲ್ಲಿ ಸೆಲ್ಸಿಯಸ್ಸಿನ ಮೈನಸ್ 273.15 ಡಿಗ್ರಿಗೆ ಸಮ.

ಈ ಅಳತೆಗೋಲು ಮನೆಯ ವಿಷಯದಲ್ಲಿ ಏನನ್ನು ತಿಳಿಸುತ್ತದೆ? ಸೆಲ್ಸಿಯಸ್ಸಿನ ಸೊನ್ನೆಯೆಂಬುದು ಶಾಖವಿಲ್ಲದ ಸ್ಥಿತಿಯಲ್ಲ. ಅದು 273 ಕೆಲ್ವಿನ್. ಅಂದರೆ ಹಿಮ ಬೀಳುತ್ತಿರುವಾಗಲೂ ಹೊರಗಿನ ಗಾಳಿಯಲ್ಲಿ ಶಾಖವಿರುತ್ತದೆ. ಅದನ್ನು ಎತ್ತಿ ಮನೆಯೊಳಗೆ ತರುವ ಉಪಾಯವಷ್ಟೇ ಬೇಕು.

1852ರ ಪ್ರಬಂಧ

ಆ ಉಪಾಯವನ್ನು ಥಾಮ್ಸನ್ 1852ರಲ್ಲಿ ಗ್ಲಾಸ್ಗೋ ತತ್ತ್ವಶಾಸ್ತ್ರ ಸಂಘದ ಮುಂದಿಟ್ಟರು. ಗಾಳಿಯ ಪ್ರವಾಹದಿಂದ ಕಟ್ಟಡಗಳನ್ನು ಮಿತವ್ಯಯದಲ್ಲಿ ಬಿಸಿ ಅಥವಾ ತಂಪು ಮಾಡುವುದೇ ಆ ಪ್ರಬಂಧದ ವಿಷಯ.

ಅವರು ಸೂಚಿಸಿದ ಯಂತ್ರದಲ್ಲಿ ಎರಡು ಸಿಲಿಂಡರುಗಳು, ನಡುವೆ ಒಂದು ಲೋಹದ ಕೋಶ. ಹೊರಗಿನ ಗಾಳಿಯನ್ನು ಮೊದಲ ಸಿಲಿಂಡರಿಗೆ ಎಳೆದು ಹಿಗ್ಗಿಸಿದರೆ ಅದು ಹೊರಗಿನ ಹವೆಗಿಂತಲೂ ತಣ್ಣಗಾಗುತ್ತದೆ. ತಣ್ಣಗಾದ ಗಾಳಿ ಲೋಹದ ಕೋಶದಲ್ಲಿ ಸಾಗುವಾಗ ಹೊರಗಿನ ಹವೆಯಿಂದ ಶಾಖವನ್ನು ಹೀರಿಕೊಳ್ಳುತ್ತದೆ. ಎರಡನೆಯ ಸಿಲಿಂಡರು ಅದನ್ನು ಮತ್ತೆ ಒತ್ತಿದಾಗ ಬಿಸಿಯೇರಿ ಕೋಣೆಯನ್ನು ಸೇರುತ್ತದೆ. ಕ್ರಮವನ್ನು ತಿರುಗಿಸಿ, ಮೊದಲು ಒತ್ತಿ, ಶಾಖವನ್ನು ಹೊರಚೆಲ್ಲಿ, ಅನಂತರ ಹಿಗ್ಗಿಸಿದರೆ ಕೋಣೆಗೆ ತಂಪು ಗಾಳಿ ದೊರೆಯುತ್ತದೆ.

ಇಂದಿನ ಸ್ಪ್ಲಿಟ್ ಏಸಿಯಲ್ಲಿ ಈ ಕೆಲಸವನ್ನು ಗಾಳಿಯ ಬದಲು ಶೀತಕ ದ್ರವವೊಂದು ಮಾಡುತ್ತದೆ. ಅದು ತಾಮ್ರದ ಕೊಳವೆಗಳಲ್ಲಿ ಹೊರಗಿನ ಪೆಟ್ಟಿಗೆಗೂ ಒಳಗಿನ ಪೆಟ್ಟಿಗೆಗೂ ಸುತ್ತುತ್ತಾ, ಒಂದೆಡೆ ಆವಿಯಾಗಿ ಶಾಖ ಹೀರುತ್ತದೆ, ಇನ್ನೊಂದೆಡೆ ದ್ರವವಾಗಿ ಶಾಖ ಬಿಡುತ್ತದೆ. ಬಿಸಿಯನ್ನೂ ಕೊಡುವ ಮಾದರಿಗಳಲ್ಲಿ ಕವಾಟವೊಂದು ಈ ಹರಿವನ್ನು ತಿರುಗಿಸುತ್ತದೆ. ವಿವರಗಳು ಬದಲಾಗಿವೆ, ತತ್ತ್ವ ಬದಲಾಗಿಲ್ಲ.

ಉಳಿತಾಯದ ಗುಟ್ಟೂ ಇಲ್ಲಿಯೇ ಇದೆ. ವಿದ್ಯುತ್ ಹೀಟರು ಒಂದು ಯೂನಿಟ್ ವಿದ್ಯುತ್ತಿಗೆ ಒಂದು ಯೂನಿಟ್ ಶಾಖವನ್ನಷ್ಟೇ ನೀಡಬಲ್ಲದು. ಶಾಖವನ್ನು ಹುಟ್ಟಿಸದೆ ಬರಿದೇ ಸಾಗಿಸುವ ಯಂತ್ರಕ್ಕೆ ಈ ಕಟ್ಟುಪಾಡಿಲ್ಲ. ಹೊರಗೆ 10 ಡಿಗ್ರಿ, ಒಳಗೆ 27 ಡಿಗ್ರಿ ಇರುವಲ್ಲಿ, ಸಿದ್ಧಾಂತದ ಪರಮ ಮಿತಿ ಸುಮಾರು 17.6 ಪಟ್ಟು. 27 ಡಿಗ್ರಿಗೆ ಸಮನಾದ 300 ಕೆಲ್ವಿನ್ನನ್ನು 17ರ ಅಂತರದಿಂದ ಭಾಗಿಸಿದರೆ ಈ ಉತ್ತರ ದೊರೆಯುತ್ತದೆ. ನಿಜವಾದ ಯಂತ್ರಗಳು ಈ ಮಿತಿಯ ಹತ್ತಿರಕ್ಕೂ ಬರುವುದಿಲ್ಲ. ಆದರೂ ಹಿತಮಿತವಾದ ಹವೆಯಲ್ಲಿ ಒಳ್ಳೆಯ ಮಿನಿ ಸ್ಪ್ಲಿಟ್ ಯಂತ್ರ ಒಂದು ಯೂನಿಟ್ ವಿದ್ಯುತ್ತಿಗೆ ಮೂರು ನಾಲ್ಕು ಯೂನಿಟ್ ಶಾಖವನ್ನು ಸಾಗಿಸುತ್ತದೆ.

ಅದೇ 1852ರಲ್ಲಿ ಥಾಮ್ಸನ್, ಜೂಲ್ ಅವರೊಂದಿಗೆ ಮತ್ತೊಂದು ಪ್ರಯೋಗಮಾಲೆಯನ್ನು ಆರಂಭಿಸಿದರು. ಹೆಚ್ಚು ಒತ್ತಡದಲ್ಲಿರುವ ಅನಿಲವನ್ನು ಸೂಕ್ಷ್ಮ ರಂಧ್ರಗಳ ತಡೆಯ ಮೂಲಕ ಹಾಯಿಸಿದರೆ, ಸಾಮಾನ್ಯ ಉಷ್ಣತೆಯಲ್ಲಿ ಬಹುಪಾಲು ಅನಿಲಗಳು ತಣ್ಣಗಾಗುತ್ತವೆಂದು ಇಬ್ಬರೂ ತೋರಿಸಿದರು. ಜೂಲ್–ಥಾಮ್ಸನ್ ಪರಿಣಾಮವೆಂದು ಹೆಸರಾದ ಈ ಸಂಗತಿಯನ್ನು ಬಳಸಿಯೇ 1895ರಲ್ಲಿ ಜರ್ಮನಿಯ ಲಿಂಡೆ ಗಾಳಿಯನ್ನು ದ್ರವವಾಗಿಸಿದರು.

ಯಂತ್ರ ಮನೆ ಸೇರಲಿಲ್ಲ

ಲೆಕ್ಕ ಸರಿಯಿತ್ತು, ಕಾಲ ಪಕ್ವವಾಗಿರಲಿಲ್ಲ. ಗ್ಲಾಸ್ಗೋ ಕಲ್ಲಿದ್ದಲಿನ ನಾಡು. ಅಗ್ಗಿಷ್ಟಿಕೆಗೆ ಒಂದು ಬುಟ್ಟಿ ಕಲ್ಲಿದ್ದಲು ಸುರಿಯುವುದು ಸುಲಭವಿರುವಾಗ, ಹಬೆಯಂತ್ರದಿಂದ ಓಡುವ ದೊಡ್ಡ ಸಿಲಿಂಡರುಗಳನ್ನು ಮನೆಯಲ್ಲಿ ಕೂರಿಸುವವರು ಯಾರು? ಪ್ರಬಂಧ ಗ್ರಂಥಾಲಯಗಳಲ್ಲಿಯೇ ಉಳಿಯಿತು.

ಥಾಮ್ಸನ್ನರ ಗಮನವೂ ಬೇರೆಡೆ ಹರಿಯಿತು. 1852ರಲ್ಲಿ ಕೈಹಿಡಿದ ಪತ್ನಿ ಮಾರ್ಗರೆಟ್ ಕ್ರಮ್ ದೀರ್ಘಕಾಲ ಅಸ್ವಸ್ಥರಾಗಿದ್ದು 1870ರಲ್ಲಿ ತೀರಿಕೊಂಡರು. ಮಂಜುಗಡ್ಡೆಯ ಮೇಲಿನ ಆಟದಲ್ಲಿ ಕಾಲು ಮುರಿದುಕೊಂಡ ಥಾಮ್ಸನ್ ಅಂದಿನಿಂದ ಕುಂಟುತ್ತಲೇ ನಡೆಯಬೇಕಾಯಿತು. ಅಟ್ಲಾಂಟಿಕ್ ಸಾಗರದ ತಳದಲ್ಲಿ ತಂತಿ ಹಾಸುವ ಸಾಹಸದಲ್ಲಿ ಅವರು ಹಲವು ವರ್ಷಗಳನ್ನು ಸವೆಸಿದರು. 1858ರ ತಂತಿ ಕೆಲವೇ ವಾರಗಳಲ್ಲಿ ಮೂಕವಾಯಿತು. 1866ರಲ್ಲಿ ಕೊನೆಗೂ ಯಶಸ್ಸು ದೊರೆತಾಗ ಅವರಿಗೆ ಸರ್ ಪದವಿ ಸಂದಿತು. ಹಡಗಿನ ದಿಕ್ಸೂಚಿ, ಕಡಲಾಳವನ್ನು ಅಳೆಯುವ ಯಂತ್ರ, ವಿದ್ಯುತ್ ಮಾಪಕಗಳು ಅವರಿಗೆ ಹಣವನ್ನೂ ಕೀರ್ತಿಯನ್ನೂ ತಂದವು. 1874ರಲ್ಲಿ ಫ್ರಾನ್ಸಿಸ್ ಬ್ಲಾಂಡಿ ಅವರನ್ನು ವರಿಸಿದರು. ಎರಡು ವಿವಾಹಗಳಿಂದಲೂ ಅವರಿಗೆ ಮಕ್ಕಳಾಗಲಿಲ್ಲ.

ಸೂರ್ಯ, ಗಾಳಿ, ಬ್ಯಾಟರಿ

1881ನೆಯ ವರ್ಷ ಈ ಕಥೆಯಲ್ಲಿ ಮತ್ತೆ ಮುಖ್ಯವಾಗುತ್ತದೆ. ಆ ವರ್ಷ ಯಾರ್ಕ್ ನಗರದ ವಿಜ್ಞಾನ ಸಮ್ಮೇಳನದಲ್ಲಿ ಥಾಮ್ಸನ್ ಮನುಷ್ಯನ ಬಳಕೆಗೆ ನಿಸರ್ಗದಲ್ಲಿರುವ ಶಕ್ತಿಮೂಲಗಳ ಬಗ್ಗೆ ಮಾತನಾಡಿದರು. ಉಬ್ಬರವಿಳಿತವೊಂದನ್ನು ಬಿಟ್ಟರೆ ಆಹಾರ, ಸೌದೆ, ಕಲ್ಲಿದ್ದಲು, ಗಾಳಿ, ಮಳೆ ಎಲ್ಲದರ ಹಿಂದೆಯೂ ಸೂರ್ಯನೇ ಇದ್ದಾನೆಂದು ವಿವರಿಸಿದರು. ಕಲ್ಲಿದ್ದಲು ಒಂದು ದಿನ ಮುಗಿಯುವ ಸಂಪತ್ತೆಂದು ಎಚ್ಚರಿಸಿ, ಗಾಳಿಯಂತ್ರದಿಂದ ಬ್ಯಾಟರಿಗಳನ್ನು ತುಂಬಿಸಿಕೊಳ್ಳುವ ಸಾಧ್ಯತೆಯತ್ತಲೂ ಬೊಟ್ಟುಮಾಡಿದರು.

ಅದೇ ವರ್ಷ ಫ್ರಾನ್ಸಿನ ಫೋರ್ ರೂಪಿಸಿದ್ದ ಹೊಸ ಬಗೆಯ ಸೀಸದ ಬ್ಯಾಟರಿಗಳ ಪೆಟ್ಟಿಗೆಯೊಂದು ಪ್ಯಾರಿಸ್ಸಿನಿಂದ ಗ್ಲಾಸ್ಗೋಗೆ ಅವರ ಪರೀಕ್ಷೆಗೆಂದೇ ಬಂದಿತು. ಒಂದೆಡೆ ತುಂಬಿದ ವಿದ್ಯುತ್ತು ಇನ್ನೊಂದು ದೇಶದಲ್ಲಿ ಬಳಕೆಗೆ ಸಿಕ್ಕಿದ್ದು ಅವರನ್ನು ಹರ್ಷಗೊಳಿಸಿತು. ಜಗತ್ತಿನಲ್ಲಿ ವಿದ್ಯುದ್ದೀಪ ಕಂಡ ಮೊದಲ ಕೆಲವು ಮನೆಗಳಲ್ಲಿ ಥಾಮ್ಸನ್ನರ ಗ್ಲಾಸ್ಗೋ ಮನೆಯೂ ಒಂದು.

ಹೀಗೆ ಸೌರವಿದ್ಯುತ್ತಿನಿಂದ ನಡೆಯುವ ಇಂದಿನ ಹವಾನಿಯಂತ್ರಕದ ಹಿಂದಿರುವ ಮೂರು ವಿಚಾರಗಳು, ಅಂದರೆ ಶಾಖ ಸಾಗಿಸುವ ಯಂತ್ರ, ಮೂಲಶಕ್ತಿಯಾದ ಸೂರ್ಯ ಮತ್ತು ರಾತ್ರಿಗೆ ಕೂಡಿಡುವ ಬ್ಯಾಟರಿ, ಒಬ್ಬರೇ ವ್ಯಕ್ತಿಯ ಚಿಂತನೆಯಲ್ಲಿ ಬಂದುಹೋದವು. ಮೂರನ್ನೂ ಒಂದೇ ಮನೆಯಲ್ಲಿ ಜೋಡಿಸುವ ಸಾಧನಗಳು ಮಾತ್ರ ಅಂದು ಇರಲಿಲ್ಲ.

ತಪ್ಪಿದ ಲೆಕ್ಕಗಳು

ಥಾಮ್ಸನ್ ಎಡವಿದ್ದೂ ಉಂಟು. ಸೂರ್ಯನು ಕುಗ್ಗುತ್ತಾ ಶಾಖ ಬೀರುತ್ತಿದ್ದಾನೆಂದು ನಂಬಿದ್ದ ಅವರು, 1897ರಲ್ಲಿ ಭೂಮಿಯ ವಯಸ್ಸು 2ರಿಂದ 4 ಕೋಟಿ ವರ್ಷವೆಂದು ಅಂದಾಜಿಸಿದರು. ಭೂವಿಜ್ಞಾನಿಗಳ ಆಕ್ಷೇಪಗಳಿಗೆ ಅವರು ಬಗ್ಗಲಿಲ್ಲ. ಭೂಮಿಯ ವಯಸ್ಸು ಸುಮಾರು 450 ಕೋಟಿ ವರ್ಷವೆಂದೂ, ಸೂರ್ಯನ ಶಾಖಕ್ಕೆ ಪರಮಾಣು ಬೀಜಗಳ ಸಮ್ಮಿಲನವೇ ಕಾರಣವೆಂದೂ ಇಪ್ಪತ್ತನೆಯ ಶತಮಾನ ತೋರಿಸಿಕೊಟ್ಟಿತು.

ಇನ್ನೊಂದು ತಪ್ಪು ವಿದ್ಯುತ್ತಿಗೆ ಸಂಬಂಧಿಸಿದ್ದು. 1890ರಲ್ಲಿ ನಯಾಗರ ಜಲಪಾತದ ಶಕ್ತಿಯನ್ನು ಬಳಸುವ ಯೋಜನೆಗಳನ್ನು ಪರಿಶೀಲಿಸಿದ ಅಂತಾರಾಷ್ಟ್ರೀಯ ಆಯೋಗಕ್ಕೆ ಅವರೇ ಅಧ್ಯಕ್ಷರು. ಅವರ ಒಲವು ಏಕಮುಖ ವಿದ್ಯುತ್ತಿನ ಕಡೆಗಿತ್ತು. ಅವರ ವಿರೋಧವನ್ನು ಮೀರಿ ನಯಾಗರದಲ್ಲಿ ಪರ್ಯಾಯ ವಿದ್ಯುತ್ತೇ ಗೆದ್ದಿತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಹರಿದದ್ದೂ ಪರ್ಯಾಯ ವಿದ್ಯುತ್ತೇ. ದೂರದ ಸಾಗಣೆಗೆ ಅಂದು ಅದೇ ಯೋಗ್ಯವಾಗಿತ್ತು. ಆದರೆ ಸೌರಫಲಕ ಉತ್ಪಾದಿಸುವುದು ಏಕಮುಖ ವಿದ್ಯುತ್ತನ್ನು. ಬ್ಯಾಟರಿ ಕೂಡಿಡುವುದೂ ಅದನ್ನೇ. ಸೌರಶಕ್ತಿಗೆಂದೇ ತಯಾರಾದ ಕೆಲವು ಮಿನಿ ಸ್ಪ್ಲಿಟ್ ಯಂತ್ರಗಳು ಫಲಕದಿಂದ ಬಂದ ಏಕಮುಖ ವಿದ್ಯುತ್ತನ್ನು ನೇರವಾಗಿ ಸ್ವೀಕರಿಸುತ್ತವೆ. ಅಂದು ಸೋತ ಪಕ್ಷಕ್ಕೆ ಮನೆಯ ಛಾವಣಿಯ ಮೇಲೆ ಮತ್ತೆ ಸ್ಥಾನ ದೊರೆತಿದೆ.

ತಡವಾಗಿ ಬಂದ ಫಲ

1892ರಲ್ಲಿ ಥಾಮ್ಸನ್ನರಿಗೆ ಬ್ಯಾರನ್ ಪದವಿ ದೊರೆಯಿತು. ವಿಶ್ವವಿದ್ಯಾಲಯದ ಪಕ್ಕದಲ್ಲಿ ಹರಿಯುವ ಕೆಲ್ವಿನ್ ಹೊಳೆಯ ಹೆಸರನ್ನೇ ಅವರು ತಮ್ಮದಾಗಿಸಿಕೊಂಡರು. 1907ರ ಡಿಸೆಂಬರ್ 17ರಂದು ಸ್ಕಾಟ್ಲೆಂಡಿನ ಲಾರ್ಗ್ಸ್ ಊರಿನ ತಮ್ಮ ಮನೆಯಲ್ಲಿ, 83ನೆಯ ವಯಸ್ಸಿನಲ್ಲಿ ಅವರು ನಿಧನರಾದರು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ನ್ಯೂಟನ್ನರ ಸಮಾಧಿಯ ಬಳಿ ಅವರನ್ನು ಮಣ್ಣುಮಾಡಲಾಯಿತು.

ಅವರ 1852ರ ವಿಚಾರ ನಿಧಾನವಾಗಿ ಕಾರ್ಯರೂಪಕ್ಕೆ ಬಂದಿತು. 1920ರ ದಶಕದ ಕೊನೆಯಲ್ಲಿ ಹಾಲ್ಡೇನ್ ಎಂಬ ಎಂಜಿನಿಯರ್ ಸ್ಕಾಟ್ಲೆಂಡಿನ ತಮ್ಮ ಮನೆಯನ್ನು ಇಂಥ ಯಂತ್ರದಿಂದ ಬೆಚ್ಚಗೆ ಮಾಡಿ ನೋಡಿದರು. 1938ರಲ್ಲಿ ಜ್ಯೂರಿಕ್ ನಗರಭವನ ನದಿಯ ನೀರಿನಿಂದ ಶಾಖ ಪಡೆಯತೊಡಗಿತು. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯ ಬಳಕೆಗೆ ಯೋಗ್ಯವಾದ ಸಿಲಿಕಾನ್ ಸೌರಕೋಶವನ್ನು ಪ್ರದರ್ಶಿಸಿತು. 1980ರ ದಶಕದ ಆರಂಭದಲ್ಲಿ ಜಪಾನಿನಲ್ಲಿ ಮನೆಬಳಕೆಯ ಇನ್ವರ್ಟರ್ ಏಸಿ ಮಾರುಕಟ್ಟೆಗೆ ಬಂದಿತು. ಅಗತ್ಯಕ್ಕೆ ತಕ್ಕಂತೆ ವೇಗವನ್ನು ಇಳಿಸಿಕೊಳ್ಳಬಲ್ಲ ಈ ಯಂತ್ರ, ಮೋಡ ಕವಿದಾಗ ಕುಗ್ಗುವ ಸೌರವಿದ್ಯುತ್ತಿಗೆ ತಕ್ಕ ಜೊತೆಯಾಯಿತು.

ಕಲ್ಲಿದ್ದಲು ಅಗ್ಗವಾಗಿದ್ದಾಗ ಯಾರಿಗೂ ಬೇಡವಾಗಿದ್ದ ಉಳಿತಾಯ, ಇಂಧನದ ಬೆಲೆ ಮತ್ತು ಭೂಮಿಯ ತಾಪ ಎರಡೂ ಏರುತ್ತಿರುವ ಕಾಲದಲ್ಲಿ ಎಲ್ಲರಿಗೂ ಬೇಕಾಗಿದೆ. ಕೆಲ್ವಿನ್ ಎಂಬ ಹೆಸರು ಉಷ್ಣತೆಯ ಅಳತೆಗೆ ಸಂದಿತು. ಮನೆಯನ್ನು ತಣಿಸುವ ಯಂತ್ರಕ್ಕೆ ಸಲ್ಲಲಿಲ್ಲ. ಆದರೂ ಛಾವಣಿಯ ಬಿಸಿಲಿನಿಂದ ಕೋಣೆ ತಂಪಾಗುವಲ್ಲೆಲ್ಲ, ಗ್ಲಾಸ್ಗೋದ ಆ ಯುವ ಪ್ರಾಧ್ಯಾಪಕರ ಲೆಕ್ಕವೇ ಕೆಲಸ ಮಾಡುತ್ತಿರುತ್ತದೆ.