ಹೋಮಿ ಭಾಭಾ ಅವರ ಜೀವನ

ಹೋಮಿ ಜಹಾಂಗೀರ ಭಾಭಾ ಅವರು 1909ನೆಯ ಇಸವಿ ಅಕ್ಟೋಬರ 30ರಂದು ಮುಂಬಯಿಯ ಪಾರಸಿ ಮನೆತನವೊಂದರಲ್ಲಿ ಜನಿಸಿದರು. ಇವರು ಯಂತ್ರಶಾಸ್ತ್ರವನ್ನು ಕಲಿತು ಜಮಶೇದಪುರದ ಉಕ್ಕಿನ ಕಾರಖಾನೆಯನ್ನು ಸೇರಬೇಕೆಂಬುದು ತಂದೆಯವರ ಇಚ್ಛೆ. ಅದಕ್ಕಾಗಿಯೇ ಕೇಂಬ್ರಿಜ್ಜಿಗೆ ಹೋದ ಮಗನ ಮನಸ್ಸಾದರೋ ಭೌತಶಾಸ್ತ್ರದಲ್ಲಿ ನೆಟ್ಟಿತು. ಮೊದಲು ಯಂತ್ರಶಾಸ್ತ್ರದಲ್ಲಿ ಪ್ರಥಮ ವರ್ಗದಲ್ಲಿ ತೇರ್ಗಡೆಯಾಗಲಿ, ಆಮೇಲೆ ತನ್ನಿಷ್ಟದಂತೆ ಓದಲೆಂದು ತಂದೆಯವರು ಒಪ್ಪಿದರು. 1930ರಲ್ಲಿ ಮಗನು ಅದನ್ನು ನಡೆಯಿಸಿಕೊಟ್ಟನು. ಹೆಣ್ಣುಮಕ್ಕಳ ಮುಂದಿನ ಓದಿನ ಮಾತೆತ್ತಿದೊಡನೆ ಮೌನವಾಗುವ ತಾಯ್ತಂದೆಗಳು ಈ ಒಪ್ಪಂದವನ್ನು ಗಮನಿಸಬೇಕೆಂದು ಬೇಡುತ್ತೇನೆ.

1939ರಲ್ಲಿ ಅವರು ರಜೆಗೆಂದು ಬಂದಿರುವಾಗ ಯುದ್ಧವು ಹತ್ತಿ, ಹಿಂದಿರುಗುವ ದಾರಿ ಮುಚ್ಚಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ, ಸರ್ ಸಿ. ವಿ. ರಾಮನ್ನರ ವಿಭಾಗವನ್ನು ಸೇರಿ, ವಿಶ್ವಕಿರಣಗಳ ಸಂಶೋಧನೆಯಲ್ಲಿ ತೊಡಗಿದರು. ಯುದ್ಧ ಮುಗಿದರೂ ಪರದೇಶಕ್ಕೆ ಮರಳಲಿಲ್ಲ. 1945ರಲ್ಲಿ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯನ್ನು ಸ್ಥಾಪಿಸಿದರು. ಚಿತ್ರಕಲೆ, ಸಂಗೀತಗಳಲ್ಲಿಯೂ ಅವರಿಗೆ ಬಹಳ ಅಭಿರುಚಿ.

1950ರ ದಶಕದ ಆರಂಭದಲ್ಲಿ ಅವರ ಪ್ರೇರಣೆಯಿಂದ ಬಿ. ವಿ. ಶ್ರೀಕಂಠನ್ ಅವರು ಕೋಲಾರದ ಚಿನ್ನದ ಗಣಿಗಳಿಗಿಳಿದು, ನೆಲದಾಳದಲ್ಲಿ ವಿಶ್ವಕಿರಣಗಳನ್ನು ಅಳೆಯತೊಡಗಿದರು. 1965ರಲ್ಲಿ ಎರಡು ಕಿಲೋಮೀಟರಿಗೂ ಮಿಕ್ಕ ಆಳದಲ್ಲಿ, ಬೇರೆ ಕಿರಣಗಳೆಲ್ಲ ಬಂಡೆಯಲ್ಲಿ ಅಡಗಿಹೋದೆಡೆ, ಆಕಾಶದಿಂದ ಬಂದ ನ್ಯೂಟ್ರಿನೋ ಕಣಗಳ ಗುರುತು ಸಿಕ್ಕಿತು. ಮರುವರ್ಷ ಜನವರಿ 24ರಂದು ಆಲ್ಪ್ಸ್ ಪರ್ವತದ ಮಾಂ ಬ್ಲಾಂ ಶಿಖರದಲ್ಲಿ ವಿಮಾನವು ಅಪಘಾತಕ್ಕೀಡಾಗಿ ಭಾಭಾ ಅವರು ತೀರಿಕೊಂಡರು. ಆಗ ಅವರಿಗೆ 56 ವರ್ಷ.

ನ್ಯೂಟ್ರಿನೋವಿಗೆ ತೂಕವುಂಟೆಂಬುದು 1998ರಲ್ಲಿ ಜಪಾನಿನ ಪ್ರಯೋಗದಿಂದ ತಿಳಿದುಬಂದಿತು. ಎಷ್ಟೆಂಬುದನ್ನು ಈಗ ಆಕಾಶದಲ್ಲಿಯೇ ಅರಸುತ್ತಿದ್ದಾರೆ. ಅರಭಾವಿಯ ಸೀಮೆಯಲ್ಲಿ ಘಟಪ್ರಭೆಯ ತಿಳಿನೀರಿನಡಿಯ ಹರಳು ತುಸು ಸೊಟ್ಟಗೆ ಕಾಣುವುದನ್ನು ನೀವು ನೋಡಿರುವಿರಿ. ಅದರಂತೆ, ದೂರದ ಗೆಲಾಕ್ಸಿಗಳ ಬೆಳಕನ್ನು ನಡುವಣ ದ್ರವ್ಯದ ಗುರುತ್ವವು ಬಾಗಿಸುವುದರಿಂದ ಅವುಗಳ ಆಕಾರವು ನೂರರಲ್ಲೊಂದು ಪಾಲಿನಷ್ಟು ಬದಲಾಗುತ್ತದೆ; ಅಸಂಖ್ಯ ಗೆಲಾಕ್ಸಿಗಳನ್ನು ಕೂಡಿಸಿ ನೋಡಿದರೆ ಮಾತ್ರ ಅದು ಗೊತ್ತಾಗುವುದು. ನ್ಯೂಟ್ರಿನೋಗಳು ಅತಿವೇಗದಿಂದ ಚಲಿಸುವ ಕಾರಣ ದ್ರವ್ಯದ ರಾಶಿಗಳಲ್ಲಿ ನಿಲ್ಲದೆ, ಆ ರಾಶಿಗಳು ಬೆಳೆಯುವುದನ್ನು ತಡೆಯುತ್ತವೆ, ಬಾಗುವಿಕೆಯೂ ಕುಗ್ಗುತ್ತದೆ. ತೊಡಕಿರುವುದು ಇಲ್ಲಿಯೇ. ದ್ರವ್ಯದ ಆರರಲ್ಲೊಂದು ಪಾಲು ನಾವು ಬಲ್ಲ ಸಾಮಾನ್ಯ ದ್ರವ್ಯ. ಕೃಷ್ಣರಂಧ್ರಗಳ ಸುತ್ತಣ ಕ್ಷೋಭೆಯೂ ನಕ್ಷತ್ರಸ್ಫೋಟಗಳೂ ಅದರ ಅನಿಲವನ್ನು ಕಾಯಿಸಿ ಹೊರಕ್ಕೆ ಚಿಮ್ಮಿಸಿದಾಗಲೂ ರಾಶಿಗಳು ಸಡಿಲಾಗಿ ಬೆಳಕು ಕಡಮೆಯೇ ಬಾಗುತ್ತದೆ. ಅನಿಲವನ್ನು ಮರೆತು ಲೆಕ್ಕಹಾಕಿದರೆ ಅದರ ಕೊರತೆಯೆಲ್ಲ ನ್ಯೂಟ್ರಿನೋವಿನ ತೂಕವೆಂದು ತೋರೀತು. ಆದ್ದರಿಂದ ಚದರಿದ ಅನಿಲವನ್ನು ಕ್ಷಕಿರಣಗಳು ಮೊದಲಾದ ಬೇರೆ ಸಾಧನಗಳಿಂದ ಅಳೆದು, ಅದರ ಪಾಲನ್ನು ಕಳೆದು, ಉಳಿದುದನ್ನು ಮಾತ್ರ ನ್ಯೂಟ್ರಿನೋವಿನ ಲೆಕ್ಕಕ್ಕೆ ಬರೆಯುತ್ತಾರೆ.